ಬಣ್ಣ ಭಾಳ, ಖಾರ ಕಡಿಮಿ

"ಅಕ್ಕೋರ, ನೀವು ಸುಮ್ಕ ಕುಂದರ್ರಿ. ನಮಗ ತಿಳೀತೈತಿ."

ಟಾಕೀಸಿನ ಕತ್ತಲೊಳಗಿಂದ ಯಾರೋ ಹಾಗೆಂದಾಗ ನನ್ನ ಕೈಯಲ್ಲಿ ಮೈಕಿತ್ತು. ಹುಟ್ಟೂರು ಮೈಸೂರಿನಲ್ಲಿ ನನ್ನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ. ಆದರೆ ಪಾಠ ಹೇಳುವ ಹೆಂಗಸನ್ನು ಇಲ್ಲಿ ಅಕ್ಕೋರು ಅನ್ನುತ್ತಾರೆ. ಅಷ್ಟು ಮರ್ಯಾದೆ ಕೊಟ್ಟು ಹೇಳಿದ ಮೇಲೆ ಕೂರದೆ ಏನು ಮಾಡಲಿ?

ಎಂಬತ್ತರ ದಶಕದ ಕೊನೆಯಲ್ಲಿ ರಾಣೆಬೆನ್ನೂರಿನ ಕಾಲೇಜಿಗೆ ಬಂದವಳು ನಾನು. ಬಾಡಿಗೆ ಮನೆ ಸಿಕ್ಕಿತು, ಖಡಕ್ ರೊಟ್ಟಿ ಅಗಿಯುವುದು ದವಡೆಗೆ ಅಭ್ಯಾಸವಾಯಿತು. ಸಿನಿಮಾ ಬಗ್ಗೆ ಮಾತಾಡಲು ಮಾತ್ರ ಒಬ್ಬರೂ ಇಲ್ಲ. ಆ ಒಂಟಿತನ ತಡೆಯಲಾರದೆ ಟಾಕೀಸಿನ ಮಾಲೀಕ ಇಮಾಮಸಾಬರಿಗೆ ದುಂಬಾಲು ಬಿದ್ದು, ಇಟಲಿಯವರು ತೆಗೆದ ಹಳೆಯ ಕೌಬಾಯ್ ಚಿತ್ರವೊಂದನ್ನು ಭಾನುವಾರ ಬೆಳಗಿನ ಆಟಕ್ಕೆ ಹಾಕಿಸಿದೆ. "ಮಂದಿ ನಡುವ ಎದ್ದು ಹೋದ್ರ ಮುಂದ ಕೇಳಬ್ಯಾಡ್ರಿ ಮತ್ತ" ಎಂದಿದ್ದರು ಅವರು. ಅದಕ್ಕೇ ಕಥೆ ವಿವರಿಸಲು ಮೈಕು ಹಿಡಿದದ್ದು.

ಯಾರೂ ಏಳಲಿಲ್ಲ. ಇಬ್ಬರು ಗಂಡಸರು ದೂಳಿನಲ್ಲಿ ನಿಂತು ಒಬ್ಬರನ್ನೊಬ್ಬರು ದಿಟ್ಟಿಸುವುದನ್ನು, ಬಂದೂಕು ಹೊರಬರುವ ಮೊದಲೇ ಸಂಗೀತ ಮೈ ನಡುಗಿಸುವುದನ್ನು ಇಡೀ ಟಾಕೀಸು ಉಸಿರು ಬಿಗಿಹಿಡಿದು ನೋಡಿತು. ಮಾತಿಲ್ಲದೆ ಮುಖಗಳಲ್ಲೇ ಕಥೆ ಹೇಳುವುದು ಆ ಚಿತ್ರದ ದೊಡ್ಡಸ್ತಿಕೆ. ಕೊರತೆಯೂ ಇದೆ, ಮುಚ್ಚಿಡುವುದೇಕೆ? ತುಟಿ ಒಂದು ಕಡೆ, ಧ್ವನಿ ಇನ್ನೊಂದು ಕಡೆ. ನಡುಭಾಗ ಸುಮ್ಮನೆ ಎಳೆಯುತ್ತದೆ. ಹೆಂಗಸರಿಗಂತೂ ಅಳುವುದು, ಬಾಗಿಲು ಹಾಕಿಕೊಳ್ಳುವುದು ಬಿಟ್ಟರೆ ಕೆಲಸವೇ ಇಲ್ಲ.

ಆಟ ಮುಗಿದ ಮೇಲೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಚನ್ನಬಸಪ್ಪನವರು ಇಮಾಮಸಾಬರೆದುರು ತೀರ್ಪು ಕೊಟ್ಟರು. "ನಮ್ಮ ಬ್ಯಾಡಗಿ ಕಾಯಿ ಇದ್ದಂಗ ಐತಿ ನೋಡ್ರಿ. ಬಣ್ಣ ಭಾಳ, ಖಾರ ಕಡಿಮಿ."

ಬೈದರೆಂದೇ ತಿಳಿದೆ. ಖಾರವಿಲ್ಲದ ಮೆಣಸಿನಕಾಯಿ ಇದ್ದೇನು ಪ್ರಯೋಜನ ಎನ್ನುವ ಮನೆಯವಳು ನಾನು. "ತಪ್ಪಾಯ್ತು, ಇನ್ನು ಕೇಳಲ್ಲ" ಎಂದುಬಿಟ್ಟೆ.

ಇಮಾಮಸಾಬರು ನಕ್ಕರು. "ಬೈದಿಲ್ರಿ ಅಕ್ಕೋರ, ಹೊಗಳ್ಯಾರ. ಬ್ಯಾಡಗಿ ಮಂದಿ ಬಣ್ಣಾ ನೋಡೇ ಕಾಯಿ ತೊಗೋತಾರ. ಮುಂದಿನ ಐತವಾರ ಯಾವುದು ಹಾಕೂಣು?"

ಆವತ್ತು ಮನೆಗೆ ನಡೆದು ಬರುವಾಗ ನನ್ನ ಹೆಮ್ಮೆಗೆ ಓಣಿ ಸಾಲಲಿಲ್ಲ. ಮುಂದೆ ಎಷ್ಟೋ ಭಾನುವಾರ ಆ ಆಟ ನಡೆಯಿತು.

ಈಚೆಗೆ ರಜೆಯಲ್ಲಿ ಮೈಸೂರಿಗೆ ಬಂದಾಗ ತಂಗಿಯ ಜೊತೆ ಅದೇ ಚಿತ್ರ ನೋಡಿದೆ. ಮೆತ್ತನೆಯ ಕುರ್ಚಿ, ದೊಡ್ಡ ಪರದೆ. ಆ ದಿಟ್ಟಿಸುವ ಘಳಿಗೆಯಲ್ಲಿ ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮೂರಲ್ಲಿ ಯಾರೂ ಹೀಗೆ ನಗಲ್ಲ" ಎಂದೆ.

"ಅಕ್ಕಾ, ಇದೇ ಅಲ್ವೇನೆ ನಮ್ಮೂರು?" ಎಂದಳು ತಂಗಿ.

ಹೌದು ಎನ್ನಲು ನನಗೆ ತಡವಾಯಿತು. ಅಷ್ಟರಲ್ಲಿ ಅವಳು ಮುಖ ತಿರುಗಿಸಿಕೊಂಡಿದ್ದಳು.