ಚಪ್ಪಲಿ ಮೆಟ್ಟಿ ಉಂಡ ಸಂಜೆ

ಅಬುಧಾಬಿಯ ಈ ಫ್ಲಾಟಿನ ಕೆಳಗೊಂದು ರೊಟ್ಟಿ ಅಂಗಡಿ ಇದೆ. ಸಂಜೆಯಾದರೆ ಹಿಟ್ಟು ಸೀದ ವಾಸನೆ ಕಿಟಕಿಯ ಸಂದಿಯಿಂದ ಒಳಗೆ ಬರುತ್ತದೆ. ಮಗ ಕೆಲಸದಲ್ಲಿ, ಸೊಸೆ ಆಸ್ಪತ್ರೆಯ ಡ್ಯೂಟಿಯಲ್ಲಿ, ಮೊಮ್ಮಗಳು ಟ್ಯೂಷನ್ನಿನಲ್ಲಿ. ಮನೆಯಲ್ಲಿ ನಾನು ಮತ್ತು ಏಸಿಯ ಸದ್ದು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಉಡುಪಿ ಕಡೆಯ ಹೊಳೆಬದಿಯ ನಮ್ಮ ಹಂಚಿನ ಮನೆ, ಒಲೆಯ ಮುಂದೆ ಕೂತ ಅಜ್ಜಿ, ಅಡುಗೆಮನೆಯ ನಡುವೆಯೇ ಚಪ್ಪಲಿ ಮೆಟ್ಟಿ ನಿಂತ ಅಜ್ಜ, ಎಲ್ಲರೂ ಎದ್ದು ಬರುತ್ತಾರೆ.

ಅಜ್ಜ ಹುಟ್ಟಿದ್ದು ಮೂಲದಾಳುಗಳ ಬಿಡಾರದಲ್ಲಿ. ಗದ್ದೆ ಕೈ ಬದಲಾದರೆ ಅದರ ಜೊತೆಗೆ ಆಳುಗಳೂ ಹೊಸ ಧಣಿಯ ಪಾಲಾಗುತ್ತಿದ್ದ ಕಾಲ ಅದು. ಅವರು ಚಿಕ್ಕವರಿದ್ದಾಗ ಒಂದು ಸಂಜೆ ಅವರ ಅಪ್ಪ, ಅಮ್ಮ ಅವರನ್ನು ಕರೆದುಕೊಂಡು ಧಣಿಗೆ ಹೇಳದೆ ಹೊರಟುಬಿಟ್ಟರಂತೆ. ಅಮ್ಮನ ಸೊಂಟದಲ್ಲಿ ಇನ್ನೂ ಹುಳಿ ಬರದ ಅಕ್ಕಿಹಿಟ್ಟು ತುಂಬಿದ ಮರದ ಮರಿಗೆ. ಇಳಿತದ ಹೊತ್ತಿನಲ್ಲಿ ಹೊಳೆಯನ್ನು ನಡೆದೇ ದಾಟಿದರು. ಧಣಿಯ ಜನ ಅಟ್ಟಿಸಿಕೊಂಡು ದಡಕ್ಕೆ ಬರುವಷ್ಟರಲ್ಲಿ ಭರತ ಏರಿತ್ತು. ಆಚೆ ದಡದ ಮರಳು ಹೊಯಿಗೆಯ ಮೇಲೆ ಆ ಹಿಟ್ಟನ್ನೇ ಓಡಿನ ಚೂರಿನಲ್ಲಿ ತಟ್ಟಿ ಬೇಯಿಸಿ ತಿಂದರು. ಮುಂದೆ ಮಿಶನ್ನಿನವರ ಆಸರೆ ಸಿಕ್ಕಿತು. ಇಗರ್ಜಿಯಲ್ಲಿ ಮೊದಲ ಸಲ ಪಾದ್ರಿಗಳು ಇಸ್ರಾಯೇಲರು ಐಗುಪ್ತದ ದಾಸತ್ವ ಬಿಟ್ಟು ಹೊರಟದ್ದನ್ನು, ಹುಳಿಯಿಲ್ಲದ ರೊಟ್ಟಿಯನ್ನು, ದಾರಿ ಬಿಟ್ಟ ಸಮುದ್ರವನ್ನು ಹೇಳಿದಾಗ ಅಜ್ಜ ಗಾಬರಿಯಾಗಿ ಪಕ್ಕದವನ ಹತ್ತಿರ ಪಿಸುಗುಟ್ಟಿದರಂತೆ: "ನಮ್ಮ ಮನೆ ಸಂಗತಿ ಇವರಿಗೆ ಹೇಳಿದ್ದು ಯಾರು ಮಾರಾಯಾ?"

ಅಂದಿನಿಂದ ಪ್ರತಿ ವರ್ಷ ಈಸ್ಟರಿನ ಮುಂಚಿನ ಗುರುವಾರ ನಮ್ಮಲ್ಲಿ ಆ ಊಟ. ಹುಳಿ ಬರಿಸದ ಅಕ್ಕಿರೊಟ್ಟಿ, ದಾಸತ್ವದ ಕಹಿ ನೆನಪಿಗೆ ಹಾಗಲಕಾಯಿ ಪಲ್ಯ. ಹೊರಟು ನಿಂತವರ ಹಾಗೆ ನಿಂತೇ ಉಣ್ಣಬೇಕು, ಕಾಲಲ್ಲಿ ಚಪ್ಪಲಿ ಇರಬೇಕು. ಮನೆಯಲ್ಲಿ ಇದ್ದದ್ದು ಒಂದೇ ಜೊತೆ, ಅಜ್ಜನದ್ದು. ಅಜ್ಜ ಮೆಟ್ಟಿ ಒಂದು ತುತ್ತು ತಿಂದು ಅಜ್ಜಿಗೆ ಬಿಡುವುದು, ಅಜ್ಜಿ ಅಪ್ಪನಿಗೆ, ಅಪ್ಪ ಅಮ್ಮನಿಗೆ, ಅಮ್ಮ ಅಣ್ಣನಿಗೆ. ಕೊನೆಗೆ ನಾನು. ನನ್ನ ಕಾಲು ಆ ದೊಡ್ಡ ಚಪ್ಪಲಿಯೊಳಗೆ ಜಾರುವುದು, ಚರ್ಮಕ್ಕೆ ಎಲ್ಲರ ಕಾಲಿನ ಬಿಸಿ. "ಏ ಬಾತುಕೋಳಿ, ನೆಟ್ಟಗೆ ನಿಲ್ಲು" ಎಂದು ಅಣ್ಣ ಗೇಲಿ ಮಾಡುವನು. ಆಗ ಮನೆಯ ಕಿರಿಯಳಾದ ನಾನು ಕೇಳಬೇಕು, "ಅಜ್ಜ, ಇವತ್ತು ಎಂತಕ್ಕೆ ಒಳಗೆ ಚಪ್ಪಲಿ?" ಅಜ್ಜನ ಉತ್ತರ ಒಂದೇ: "ಧಣಿಯ ಅಂಗಳದಲ್ಲಿ ನನ್ನಪ್ಪನ ಕಾಲಿಗೆ ಚಪ್ಪಲಿ ಹಾಕ್ಲಿಕ್ಕೆ ಇರ್ಲಿಲ್ಲ ಮಗಾ." ಆಮೇಲೆ ಇಡೀ ಕಥೆ, ನಮ್ಮ ಹೊಳೆಯಿಂದ ಇಸ್ರಾಯೇಲರ ಮರಳುಗಾಡಿನವರೆಗೆ. ಮರಳುಗಾಡು ಕಾಣದ ಅಜ್ಜ ನಮ್ಮ ಕಡಲ ಬದಿಯ ಹೊಯಿಗೆಯನ್ನೇ ಎಳೆದು ಉದ್ದ ಮಾಡುತ್ತಿದ್ದರು. ಒಂದು ಕಟ್ಟುಪಾಡು ಮಾತ್ರ ಬಿಗಿ: ಕಿರಿಯರು ತಾವಾಗಿ ಕೇಳದೆ ಹಿರಿಯರು ಕಥೆ ತೆಗೆಯಬಾರದು.

ನನ್ನನ್ನು ಕೊಟ್ಟ ಮನೆಯಲ್ಲಿ ಚಪ್ಪಲಿ ಮೆಟ್ಟಿ ಉಣ್ಣುವುದೆಂದರೆ ದರಿದ್ರ. ಹಾಗಾಗಿ ಮಗ ಅದನ್ನು ನೋಡಲೇ ಇಲ್ಲ. ನೋಡದವನು ಏನೆಂದು ಕೇಳಿಯಾನು? ಕಥೆ ನನ್ನೊಳಗೇ ಉಳಿದುಬಿಟ್ಟಿತು. ನಾನು ಕಣ್ಣು ಮುಚ್ಚಿದರೆ ಅದೂ ಮುಗಿಯಿತೆಂದು ಹೆದರಿದ್ದೆ.

ಈ ವರ್ಷ ಆ ಗುರುವಾರ ಮಗ ಮೀನಾ ಬಂದರಿನ ಮಾರ್ಕೆಟಿನಿಂದ ತಂದಿಟ್ಟ ಹಾಗಲಕಾಯಿ ಫ್ರಿಜ್ಜಿನಲ್ಲಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ರೊಟ್ಟಿ ತಟ್ಟಿದೆ. ಬಾಗಿಲಾಚೆಯಿಂದ ನನ್ನ ಚಪ್ಪಲಿ ತಂದು ಮೆಟ್ಟಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ಬಾಗಿಲು ತೆರೆದು ಮೊಮ್ಮಗಳು ಬಂದಳು.

"ಅಜ್ಜೀ! ಮಮ್ಮಿ ನೋಡಿದ್ರೆ ಖಲಾಸ್! ವೈ ಚಪ್ಪಲ್ ಇನ್‌ಸೈಡ್?"

ಕೇಳಿದಳು! ಯಾರೂ ಹೇಳಿಕೊಡದೆ, ತಾನಾಗಿ! ಚಪ್ಪಲಿ ಬಿಟ್ಟು ಅವಳ ಮುಂದಿಟ್ಟೆ. ಅವಳು ನಗುತ್ತಾ ಮೆಟ್ಟಿದಳು, ಹಾಗಲಕಾಯಿಗೆ ಮುಖ ಹಿಂಡಿದಳು, "ದೆನ್? ಧಣಿ ಏನ್ಮಾಡಿದ?" ಎಂದು ಹೊಳೆ ದಾಟುವವರೆಗೂ ಬಿಡದೆ ಹೇಳಿಸಿಕೊಂಡಳು.

ಅವಳು ಹೋಮ್‌ವರ್ಕಿಗೆ ಕೂತ ಮೇಲೆ ನನ್ನ ಸಂತೋಷ ತಡೆಯಲಾಗಲಿಲ್ಲ. ಯಾರಿಗಾದರೂ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಅಪ್ಪ, ಅಮ್ಮ ಎಂದೋ ಹೋದರು. ಮುಂಬೈಯಲ್ಲಿದ್ದ ಅಣ್ಣ ಹೋದ ಮಳೆಗಾಲದಲ್ಲಿ ತೀರಿಕೊಂಡ. ಮಗು ಕೇಳಿತು ಎಂದರೆ ಏನೆಂದು ತಿಳಿಯುವವರು ಇನ್ನು ಯಾರೂ ಇಲ್ಲ. ಫೋನು ಕೆಳಗಿಟ್ಟೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ಕೇಳಿದಳು.