ಹೊಸ ಹಕ್ಕಿಗೆ ಹಾಕಿದ ಸಾಂಬ್ರಾಣಿ

ಬೆಳಿಗ್ಗೆ ನಮ್ಮ ಬೀದಿ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದ್ರು. ಒಳಗೆ ಮಗಳು ಜ್ವರದಲ್ಲಿ ಮಲಗಿದಾಳೆ. ರಕ್ತದ ರಿಪೋರ್ಟ್ ತರೋಕೆ ನಮ್ಮೆಜಮಾನ್ರು ಲ್ಯಾಬಿಗೆ ಹೋಗಿದಾರೆ. ಕಿಟಕಿ ಮುಚ್ಚೋಕೆ ಹೋದವಳಿಗೆ ಆ ಘಾಟು ಮೂಗಿಗೆ ಬಡೀತು... ಹಿಂದೆ ಪಕ್ಕದ ಪೋರ್ಷನ್‌ನಲ್ಲಿದ್ದ ಆಂಟಿ ನೆನಪಾದ್ರು.

ಆಗ ನಾವು ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗಿದ್ವಿ. ಆಂಟಿ ಕುಣಿಗಲ್ ಕಡೆಯವರು, ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಗಂಡ ತೀರ್ಕೊಂಡಿದ್ರು, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಬೀದಿಗೆಲ್ಲ ಕೇಳೋದು. ಅವರ ಹತ್ರ ಒಂದು ಹಸಿರು ಲವ್ ಬರ್ಡ್ ಇತ್ತು. ಅದು ಕಾಯಿಲೆ ಬಿದ್ದು, ಪುಕ್ಕ ಉಬ್ಬಿಸ್ಕೊಂಡು ಪಂಜರದ ತಳದಲ್ಲಿ ಕೂತಿದ್ದು, ಕೂತಲ್ಲೇ ಸತ್ತೋಯ್ತು. ಆಂಟಿ ಊಟ ಬಿಟ್ರು. ಮಾತೂ ಬಿಟ್ರು. ಅದೇ ನಮಗೆಲ್ಲ ದಿಗಿಲಾಗಿದ್ದು.

ನಾನಾಗ ಬಸುರಿ. ಅದಕ್ಕೆ ಮುಂಚೆ ಒಂದು ಹೋಗಿತ್ತು, ಐದು ತಿಂಗಳಿಗೆ... ಆ ಹೆದರಿಕೆಗೆ ಒಂದು ಚೂರು ಬಟ್ಟೇನೂ ತಂದಿಟ್ಟಿರಲಿಲ್ಲ. ಕೂಸು ಹುಟ್ಟೋಕ್ ಮುಂಚೆ ಕುಲಾವಿ ಬೇಡ ಅಂತ ಅತ್ತೆ ಬೇರೆ ದಿನಾ ಹೇಳೋರು. ಹೇಳಬೇಕಾಗೇ ಇರಲಿಲ್ಲ, ಬಾತ್‌ರೂಮಿಗೆ ಹೋದಾಗೆಲ್ಲ ರಕ್ತ ಕಾಣುತ್ತೇನೋ ಅಂತ ನೋಡ್ಕೊಳ್ಳೋದೇ ಆಗಿತ್ತು.

ಒಂದಿನ ಆಂಟಿ, ಹೊಸ ಹಕ್ಕಿ ತರ್ತೀನಿ ಅಂತ, ಪಂಜರ ಹೊರಗೆ ತಂದು ತೊಳೆಯೋಕೆ ಶುರು ಮಾಡಿದ್ರು. ಕುದಿಯೋ ನೀರು ಸುರಿದ್ರು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ರು, ಟೆರೇಸಲ್ಲಿ ಬಿಸಿಲಿಗಿಟ್ರು. ಮಾರನೇ ದಿನ ಮತ್ತೆ ಅದೇ. ಹಳೇ ಕಡ್ಡಿ, ನೀರಿನ ಬಟ್ಟಲು ಎಲ್ಲ ಎಸೆದು, ಹೊಸದಾಗಿ ಬೇವಿನ ಕೊಂಬೆ ಕಟ್ಟಿದ್ರು. ಬೆರಳೆಲ್ಲ ಸುಲಿದು ಹೋಗಿತ್ತು.

"ಸಾಕು ಬಿಡಿ ಆಂಟಿ, ಪಂಜರಾನೇ ಕರಗೋಗುತ್ತೆ," ಅಂದೆ.

"ಸುಮ್ಕಿರೇ. ಹಳೇ ರೋಗ ಒಂದ್ ಚೂರು ಉಳ್ಕೊಂಡಿದ್ರೂ ಬರೋದನ್ನೂ ನುಂಗಾಕ್ತದೆ."

ಆ ಮಾತು ನನ್ನ ಹೊಟ್ಟೆಗೇ ಹೇಳಿದಂಗಾಯ್ತು. ಒಳಗೆ ಹೋಗಿ ಅತ್ತುಬಿಟ್ಟೆ.

ಹೊಸ ಹಕ್ಕಿ ಬಂತು, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ. ಹಳದಿ ಬಣ್ಣ, ನಿಂಬೆಹಣ್ಣಿನಷ್ಟು ಜೀವ. ಆಂಟಿಗೆ ಸಂಭ್ರಮ ತಡೆಯೋಕಾಗಲಿಲ್ಲ. ನಮ್ಮ ಕಡೆ ಎಳೆಗೂಸಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡ್ತೀವಲ್ಲ, ಹಂಗೇ ತೆಂಗಿನ ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಪಂಜರದ ಸುತ್ತ ಹಿಡಿದ್ರು. ದೃಷ್ಟೀನೂ ಹೋಗ್ಲಿ, ರೋಗಾನೂ ಹೋಗ್ಲಿ ಅಂತ. ನಾನೂ ಕೈ ಮುಗಿದು ನಿಂತಿದ್ದೆ, ಪೆದ್ದಿ!

ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡೋಕೆ ಶುರು ಮಾಡ್ತು. ಬಾಲ ಮೇಲೆ ಕೆಳಗೆ ಹೊಡ್ಕೊಂತು. ಕೊಂಬೆಯಿಂದ ಜಾರಿ ತಳಕ್ಕೆ ಬಿತ್ತು.

"ಅಯ್ಯೋ, ಕೊಂದಾಕ್‌ಬುಟ್ನಲ್ಲೇ!" ಆಂಟಿ ಚೀರಿದ್ರು.

ಅವರಿಗೆ ಕೈಕಾಲೇ ಆಡಲಿಲ್ಲ. ನಾನೇ ಪಂಜರ ಎತ್ಕೊಂಡು ಟೆರೇಸಿಗೆ ಓಡಿದೆ, ಬಸುರಿ ಅನ್ನೋದೂ ಮರೆತು. ಮೇಲೆ ಹೋದ ಮೇಲೆ ನೆನಪಾಗಿ ಜೀವ ಬಾಯಿಗೆ ಬಂತು. ಹಕ್ಕಿ ಉಳಿಯುತ್ತಾ, ಹೊಟ್ಟೇಲಿರೋದು ಉಳಿಯುತ್ತಾ, ಎರಡೂ ಗೊತ್ತಿಲ್ಲ. ಆಂಟಿ ಹಿಂದೇನೇ ಬಂದು ನನ್ನ ಕೈ ಹಿಡ್ಕೊಂಡು ಕೂತ್ರು. ಬಹಳ ಹೊತ್ತಾದ ಮೇಲೆ ಹಕ್ಕಿ ಕೊಕ್ಕು ಮುಚ್ಚಿತು. ಕಂಬಿ ಹಿಡ್ಕೊಂಡು ಮೇಲಕ್ಕೆ ಹತ್ತಿ ನವಣೆ ಕುಕ್ಕಿತು.

"ನಂಗೆ ಇನ್ನೂ ಭಯ ಆಗ್ತಿದೆ ಆಂಟಿ," ಅಂದೆ.

"ನಂಗೇನ್ ಆಯ್ತಿಲ್ವೇನ್ಲೇ? ಭಯ ಪಟ್ಕೊಂಡೇ ಸಾಕ್ಬೇಕು ಕಣೇ. ನಾಳೆ ಹೋಗಿ ಮಗೀಗೆ ಬಟ್ಟೆ ತರನ, ನಡಿ."

ಮಾರನೇ ದಿನ, ಅತ್ತೆ ಗೊಣಗ್ತಿದ್ರೂ, ಮಂಡಿಪೇಟೆಗೆ ಹೋಗಿ ಬಟ್ಟೆ ತಂದ್ವಿ. ಮಗಳು ಹುಟ್ಟಿದಾಗ ಮೊದಲು ಎತ್ಕೊಂಡಿದ್ದು ಆಂಟೀನೇ. ಸಾಂಬ್ರಾಣಿ ಹಾಕೋಕೆ ಮಾತ್ರ ನಾನು ಯಾರನ್ನೂ ಬಿಡಲಿಲ್ಲ!

ಆಮೇಲೆ ಅವರು ಹಕ್ಕಿ ಜೊತೆ ಗುಬ್ಬಿ ಊರಲ್ಲಿರೋ ತಂಗಿ ಮನೆಗೆ ಹೋದ್ರು. ಹಕ್ಕಿ ವಯಸ್ಸಾಗಿ ಸತ್ತೋಯ್ತಂತೆ. ಹೋದ ವರ್ಷ ಆಂಟೀನೂ ತೀರ್ಕೊಂಡ್ರು. ಹೋಗಿ ಮುಖ ನೋಡಿ ಬಂದೆ...

ಈಗ ಮಗಳ ಹಣೆ ಮುಟ್ಟಿ ಮುಟ್ಟಿ ನೋಡ್ತಾ ಇದೀನಿ. ಕಾದ ಹಂಚಿನ ಹಾಗೆ ಸುಡ್ತಿದೆ. ಲ್ಯಾಬಿಗೆ ಹೋದ ಇವರದ್ದು ಇನ್ನೂ ಫೋನಿಲ್ಲ. ಆವತ್ತು ಹೆದರೋಕೆ ಇಬ್ಬರಿದ್ವಿ. ಇವತ್ತು ಒಬ್ಬಳೇ ಹೆದರ್ಕೊಂಡು ಕೂತಿದೀನಿ.