ಕೀ ಆನ್ಸರ್ ಮೇಲಿನ ಕೊಂಬೆ

ಚೆನ್ನೈನ ಪುರಸೈವಾಕ್ಕಂನ ಶಾಲೆಯೊಂದರಲ್ಲಿ ಭೂಗೋಳದ ಪೇಪರ್ ತಿದ್ದುತ್ತಿದ್ದೆ. ಚೆನ್ನೈ ಕರಾವಳಿಯ ಸಹಜ ಕಾಡು ಯಾವುದು ಅನ್ನೋ ಪ್ರಶ್ನೆಗೆ ಒಂದು ಮಗು 'ಒಣ ನಿತ್ಯಹರಿದ್ವರ್ಣ ಕಾಡು' ಅಂತ ಬರೆದಿತ್ತು. ಸರಿ ಅಂತ ಮಾರ್ಕ್ ಕೊಟ್ಟೆ. ಮುಖ್ಯ ಪರೀಕ್ಷಕರು ಅದನ್ನು ಹೊಡೆದುಹಾಕಿದರು.

"ಕೀ ಆನ್ಸರ್‌ನಲ್ಲಿ ಎಲೆ ಉದುರೋ ಕಾಡು ಅಂತಿದೆ, ಟೀಚರ್. ಮಳೆ ಕಮ್ಮಿ ಇರೋ ಕಡೆ ವರ್ಷವಿಡೀ ಹಸಿರು ಎಲ್ಲಿಂದ ಬರುತ್ತೆ?"

"ಪುರಾವೆ ನಾಳೆ ತರ್ತೀನಿ ಸಾರ್. ಅಲ್ಲೀವರೆಗೆ ಈ ಬಂಡಲ್‌ಗೆ ನಾನು ಸೈನ್ ಹಾಕಲ್ಲ."

ಸಂಜೆ, ಆ ಹಳೇ ಕಾಡಿನ ತುಣುಕು ಇನ್ನೂ ಉಳಿದಿರುವ ಊರಾಚೆಯ ಗುಡಿಯ ತೋಪಿಗೆ ಹೋಗಿ, ಪೂಜಾರಿಯನ್ನು ಕೇಳಿ ಕೊಂಬೆಯೊಂದನ್ನು ತಂದೆ. ಮೇ ತಿಂಗಳ ಬಿಸಿಲಲ್ಲೂ ಎಲೆ ಕಡುಹಸಿರು.

ಬೆಳಿಗ್ಗೆ ಮೇಜಿನ ಮೇಲೆ ಅದನ್ನು ನೋಡಿ ಮುಖ್ಯ ಪರೀಕ್ಷಕರು ಗೊಣಗಿದರು. "ಮಾರ್ಕ್ ಕೊಟ್ಕೊಳ್ಳಿ. ಆದ್ರೆ ಕೊಂಬೆ ತೆಗೀರಿ, ಹೊರಗಿನ ಸಾಮಾನು ಮೇಜಿನ ಮೇಲೆ ಇಡೋ ಹಾಗಿಲ್ಲ."

ತೆಗೆಯಲಿಲ್ಲ. ಕೊನೆಯ ಬಂಡಲ್ ಮುಗಿಯೋವರೆಗೂ, ಫ್ಯಾನ್ ಗಾಳಿಗೆ ಅವರ ಕೀ ಆನ್ಸರ್ ಹಾರಿಹೋಗದ ಹಾಗೆ ಅದೇ ಕೊಂಬೆಯನ್ನು ಮೇಲಿಟ್ಟಿದ್ದೆ.